ಕರಬೂಜದ ಬೀಜದೊಳಗಿನ ಹಾಲು



ಬೇಸಿಗೆಯಲ್ಲಿ ನಾವು ಮಕ್ಕಳಿಗೆ ಕರಬೂಜ ಹೆಚ್ಚಿ ಕೊಟ್ಟು ಬೀಜವನ್ನು ಕಸದ ಬುಟ್ಟಿಗೆ ಹಾಕುತ್ತೇವೆ. ಊರಿನಲ್ಲಿ ನಮ್ಮ ಅಜ್ಜಿ ಅದೇ ಬೀಜವನ್ನು ತೊಳೆದು, ನೀರು ಹಾಕಿ ರುಬ್ಬಿ, ಸೋಸಿ, ಬೆಲ್ಲ, ಏಲಕ್ಕಿ ಬೆರೆಸಿ ಪಾನಕ ಮಾಡುತ್ತಿದ್ದರು. ಎಣ್ಣೆ, ನೀರು ಬೆರೆಯುವುದಿಲ್ಲವಲ್ಲ, ಆ ಪಾನಕ ಹಾಲಿನಂತೆ ಬೆಳ್ಳಗಿರುವುದು ಹೇಗೆ?

ಬೀಜದಲ್ಲಿ ಎಣ್ಣೆ ಇರುವುದು ಸಣ್ಣ ಸಣ್ಣ ಹನಿಗಳಾಗಿ. ಒಂದು ಹನಿಯ ಗಾತ್ರ ಸುಮಾರು ಮಿಲಿಮೀಟರಿನ ಸಾವಿರದ ಒಂದು ಭಾಗ. ಪ್ರತಿ ಹನಿಗೂ ಫಾಸ್ಫೋಲಿಪಿಡ್‌ನ ಒಂದೇ ಪದರದ ಹೊದಿಕೆ, ಅದರಲ್ಲಿ ನೆಟ್ಟುಕೊಂಡ ಓಲಿಯೋಸಿನ್ ಎಂಬ ಪ್ರೋಟೀನು. ಹೀಗಾಗಿ ಹನಿಗಳು ಒಂದಕ್ಕೊಂದು ಕೂಡಿಕೊಳ್ಳದೆ ನೀರಿನಲ್ಲಿ ಹರಡಿ ನಿಲ್ಲುತ್ತವೆ. ಇವಕ್ಕೆ ಓಲಿಯೋಸೋಮ್ ಎಂದು ಹೆಸರು.

ಪ್ರಯೋಗಾಲಯದಲ್ಲಿ ಮಾಡುವುದೂ ಅಜ್ಜಿಯ ಕೆಲಸವನ್ನೇ! ನೆನೆಸಿದ ಬೀಜವನ್ನು ಅಡಿಗೆ ಸೋಡಾದಂತಹ ಕ್ಷಾರ ಬೆರೆಸಿದ ನೀರಿನಲ್ಲಿ ರುಬ್ಬಿ ಸೋಸುತ್ತಾರೆ. ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿದರೆ ಹಗುರವಾದ ಹನಿಗಳು ಕೆನೆಯಾಗಿ ಮೇಲೆ ಬರುತ್ತವೆ. ಆ ಕೆನೆಯನ್ನು ಕ್ಷಾರದ ನೀರಿನಲ್ಲಿ ಮತ್ತೆ ಕಲಸಿ ತಿರುಗಿಸಿದಾಗ ಅಂಟಿಕೊಂಡ ಬೇರೆ ಪ್ರೋಟೀನುಗಳು ಬಿಟ್ಟುಕೊಂಡು ಕೆನೆ ಶುದ್ಧವಾಗುತ್ತದೆ. ಎಣ್ಣೆ ಕಾರ್ಖಾನೆಗಳು ಬಳಸುವ ಹೆಕ್ಸೇನ್ ಎಂಬ ಪೆಟ್ರೋಲಿಯಂ ದ್ರಾವಕ ಇಲ್ಲಿ ಬೇಡವೇ ಬೇಡ.

ಒಂದು ಎಚ್ಚರಿಕೆ: ಏಪ್ರಿಕಾಟ್, ಪೀಚ್, ಚೆರ್ರಿ ಹಣ್ಣುಗಳ ಬೀಜವನ್ನು ದಯವಿಟ್ಟು ಹೀಗೆ ರುಬ್ಬಬೇಡಿ. ಅವುಗಳಲ್ಲಿರುವ ಅಮಿಗ್ಡಲಿನ್ ರುಬ್ಬಿದಾಗ ಒಡೆದು ಸಯನೈಡ್ ಆಗುತ್ತದೆ. ಮಕ್ಕಳಿಗೆ ಕೆಲವೇ ಬೀಜಗಳೂ ಅಪಾಯ.

ನಮಗೆ ಕರಬೂಜವೇ ಸಾಕು. ಮುಂದಿನ ಸಲ ಬೀಜ ಎಸೆಯದೆ ರುಬ್ಬಿ, ಸೋಸಿ, ಗಾಜಿನ ಲೋಟದಲ್ಲಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಮೇಲೆ ಕಟ್ಟಿದ ಕೆನೆಯನ್ನು ಮಕ್ಕಳಿಗೆ ತೋರಿಸಿ. ಆಮೇಲೆ ಕಲಸಿ, ಬೆಲ್ಲ ಹಾಕಿ ಕುಡಿಯಿರಿ!