ವ್ಯಾಪಾರ ಸಂವಹನ: ಯಾವ ಮಾತಿಗೆ ಯಾವ ಮಾಧ್ಯಮ?

ವಾಣಿಜ್ಯದಲ್ಲಿ ಸರಕಿಗಿಂತ ಮೊದಲು ಸಾಗುವುದು ಸಂದೇಶ. ದರ ವಿಚಾರಣೆ, ಕೊಟೇಶನ್, ಖರೀದಿ ಆದೇಶ, ರವಾನೆಯ ಸೂಚನೆ, ಬಾಕಿ ವಸೂಲಿಯ ಜ್ಞಾಪನಪತ್ರ, ಹೀಗೆ ಪ್ರತಿಯೊಂದು ಹಂತವೂ ಒಂದಲ್ಲ ಒಂದು ಸಂವಹನ ಮಾಧ್ಯಮವನ್ನು ಅವಲಂಬಿಸಿದೆ. ವರ್ತಕರು ಸಾಮಾನ್ಯವಾಗಿ ವೇಗ ಮತ್ತು ವೆಚ್ಚಗಳನ್ನು ನೋಡಿ ಮಾಧ್ಯಮವನ್ನು ಆಯ್ದುಕೊಳ್ಳುತ್ತಾರೆ. ಆದರೆ ಹಣ ಪಾವತಿಯ ವಿಷಯದಲ್ಲಿ ವಿವಾದ ತಲೆದೋರಿದಾಗ ಮೂರನೆಯ ಅಂಶವೊಂದು ನಿರ್ಣಾಯಕವಾಗುತ್ತದೆ. ಅದೆಂದರೆ ಆ ಮಾಧ್ಯಮವು ಉಳಿಸುವ ದಾಖಲೆ.

ಮಾಧ್ಯಮಗಳ ವರ್ಗೀಕರಣ

ವ್ಯಾಪಾರ ಸಂವಹನದ ಮಾಧ್ಯಮಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಮುಖಾಮುಖಿ ಮಾತುಕತೆ ಮತ್ತು ದೂರವಾಣಿ ಮೌಖಿಕ ಮಾಧ್ಯಮಗಳು. ಅಂಚೆ ಅಥವಾ ಕೊರಿಯರ್ ಮೂಲಕ ಹೋಗುವ ಪತ್ರಗಳು ಲಿಖಿತ ಮಾಧ್ಯಮಕ್ಕೆ ಸೇರುತ್ತವೆ. ಇ-ಮೇಲ್, ಎಸ್.ಎಂ.ಎಸ್., ವಾಟ್ಸ್‌ಆ್ಯಪ್ ಮುಂತಾದವು ವಿದ್ಯುನ್ಮಾನ ಮಾಧ್ಯಮಗಳು. ಪತ್ರಿಕಾ ಜಾಹೀರಾತು, ಆಕಾಶವಾಣಿ, ದೂರದರ್ಶನಗಳು ಸಮೂಹ ಮಾಧ್ಯಮಗಳು. ಒಂದು ಕಾಲದಲ್ಲಿ ವರ್ತಕರ ತುರ್ತು ಸಂದೇಶಗಳನ್ನು ಹೊತ್ತು ತರುತ್ತಿದ್ದ ತಂತಿ ಸೇವೆಯು 2013ರ ಜುಲೈನಲ್ಲಿ ಸ್ಥಗಿತಗೊಂಡಿತು.

ಸಮೂಹ ಮಾಧ್ಯಮದ ಕೆಲಸ ಗಿರಾಕಿಯ ಗಮನ ಸೆಳೆಯುವುದು. ಜಾಹೀರಾತಿನಲ್ಲಿ ಪ್ರಕಟವಾದ ದರವನ್ನು ಕಾನೂನು ಸಾಮಾನ್ಯವಾಗಿ ಪ್ರಸ್ತಾವವೆಂದು ಎಣಿಸುವುದಿಲ್ಲ. ಅದು ಪ್ರಸ್ತಾವ ಸಲ್ಲಿಸಲು ನೀಡಿದ ಆಹ್ವಾನ ಮಾತ್ರ. ಕರಾರು ಏರ್ಪಡುವುದು ಉಳಿದ ಮೂರು ಮಾಧ್ಯಮಗಳಲ್ಲಿಯೇ.

ಮಾಧ್ಯಮ ಬದಲಾದರೆ ಕರಾರಿನ ಸ್ಥಳವೂ ಬದಲು

ಭಾರತೀಯ ಕರಾರು ಕಾಯ್ದೆ, 1872ರ 4ನೇ ಕಲಮಿನ ಪ್ರಕಾರ, ಸ್ವೀಕೃತಿ ಪತ್ರವನ್ನು ಅಂಚೆಗೆ ಹಾಕಿದ ಕ್ಷಣದಿಂದಲೇ ಪ್ರಸ್ತಾವ ಮಾಡಿದವನು ಕರಾರಿಗೆ ಬದ್ಧನಾಗುತ್ತಾನೆ. ದೂರವಾಣಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅಹಮದಾಬಾದಿನ ಖರೀದಿದಾರರು ಮತ್ತು ಖಾಮಗಾಂವದ ಮಾರಾಟಗಾರರ ನಡುವೆ ಹತ್ತಿಬೀಜದ ಹಿಂಡಿಯ ಪೂರೈಕೆ ಕುರಿತು 1959ರಲ್ಲಿ ದೂರವಾಣಿಯಲ್ಲಿ ಮಾತುಕತೆ ನಡೆದಿತ್ತು. ಪೂರೈಕೆಯಾಗದೆ ದಾವೆ ಹೂಡಿದಾಗ, ಕರಾರು ಯಾವ ಊರಿನಲ್ಲಿ ಏರ್ಪಟ್ಟಿತೆಂಬ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಸ್ವೀಕೃತಿಯ ಮಾತು ಕೇಳಿಬಂದ ಅಹಮದಾಬಾದಿನಲ್ಲೇ ಕರಾರು ಏರ್ಪಟ್ಟಿತೆಂದು 1965ರಲ್ಲಿ ಬಹುಮತದ ತೀರ್ಪು ಬಂದಿತು. ದಾವೆಯನ್ನು ತನ್ನ ಊರಿನಲ್ಲಿ ನಡೆಸಬೇಕೇ ಅಥವಾ ನೂರಾರು ಮೈಲಿ ದೂರದ ಊರಿಗೆ ಅಲೆಯಬೇಕೇ ಎಂಬುದು ಸಣ್ಣ ವರ್ತಕನಿಗೆ ಅಲ್ಪ ವಿಷಯವೇನಲ್ಲ. ಆದ್ದರಿಂದ ವಿವಾದಗಳು ಯಾವ ಊರಿನ ನ್ಯಾಯಾಲಯದ ವ್ಯಾಪ್ತಿಗೆ ಒಳಪಡುತ್ತವೆ ಎಂಬುದನ್ನು ಖರೀದಿ ಆದೇಶದಲ್ಲಿಯೇ ನಮೂದಿಸುವುದು ವಿವೇಕಯುತ.

ಇ-ಮೇಲ್ ಸಹ ಕರಾರೇ

ಸಹಿ, ಮೊಹರುಗಳಿಲ್ಲದ ಇ-ಮೇಲಿಗೆ ಬೆಲೆಯಿಲ್ಲವೆಂಬ ಭಾವನೆ ಅನೇಕ ವರ್ತಕರಲ್ಲಿದೆ. ಇದು ಸರಿಯಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 4ನೇ ಕಲಂ ವಿದ್ಯುನ್ಮಾನ ದಾಖಲೆಗೆ ಲಿಖಿತ ದಾಖಲೆಯ ಮಾನ್ಯತೆ ನೀಡಿದೆ. 2008ರ ತಿದ್ದುಪಡಿಯಿಂದ ಸೇರಿದ 10-ಎ ಕಲಂ, ವಿದ್ಯುನ್ಮಾನ ರೂಪದಲ್ಲಿ ಏರ್ಪಟ್ಟಿದೆ ಎಂಬ ಒಂದೇ ಕಾರಣಕ್ಕೆ ಕರಾರು ಅಸಿಂಧುವಾಗದೆಂದು ಸ್ಪಷ್ಟಪಡಿಸಿದೆ. ಐದು ಹಡಗುಗಳಷ್ಟು ಬಾಕ್ಸೈಟ್ ಪೂರೈಕೆಗೆ ಸಂಬಂಧಿಸಿದ ಟ್ರೈಮೆಕ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಇದೇ ಧೋರಣೆ ತಳೆಯಿತು. ಮುಖ್ಯ ಷರತ್ತುಗಳಿಗೆ ಇ-ಮೇಲ್ ಮೂಲಕ ಒಪ್ಪಿಗೆ ದೊರೆತ ಬಳಿಕ, ವಿಧ್ಯುಕ್ತ ಕರಾರುಪತ್ರಕ್ಕೆ ಸಹಿ ಬೀಳಲಿಲ್ಲವೆಂಬುದು ಕರಾರಿಗೆ ಬಾಧಕವಲ್ಲವೆಂದು ಅದು ತೀರ್ಮಾನಿಸಿತು. ಹೀಗಾಗಿ ಅವಸರದಲ್ಲಿ "ಒಪ್ಪಿದೆ" ಎಂದು ಉತ್ತರಿಸುವ ಮುನ್ನ ದರ, ಪ್ರಮಾಣ ಮತ್ತು ಅವಧಿಗಳನ್ನು ಮತ್ತೊಮ್ಮೆ ಪರಿಶೀಲಿಸುವುದು ಅಗತ್ಯ.

ಆದರೆ ಸಂದೇಶದ ಮುದ್ರಿತ ಪ್ರತಿಯಷ್ಟೇ ನ್ಯಾಯಾಲಯಕ್ಕೆ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಮಿನಂತೆ ಇಂತಹ ಪ್ರತಿಯೊಂದಿಗೆ ನಿಗದಿತ ಪ್ರಮಾಣಪತ್ರವನ್ನೂ ಸಲ್ಲಿಸಬೇಕು. ಮೊಬೈಲ್ ಬದಲಿಸುವಾಗ ಹಳೆಯ ಸಂದೇಶಗಳನ್ನು ಅಳಿಸಿಹಾಕುವ ವರ್ತಕನು ತನ್ನ ಸಾಕ್ಷ್ಯವನ್ನು ತಾನೇ ಕಳೆದುಕೊಂಡಂತೆ.

ಬಾಕಿ ವಸೂಲಿಯಲ್ಲಿ ಬರಹದ ಪಾತ್ರ

ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ, 2006ರ ಪ್ರಕಾರ, ನೋಂದಾಯಿತ ಅತಿಸಣ್ಣ ಅಥವಾ ಸಣ್ಣ ಉದ್ಯಮದಿಂದ ಸರಕು ಪಡೆದವರು ಒಪ್ಪಿದ ಅವಧಿಯೊಳಗೆ ಹಣ ಪಾವತಿಸಬೇಕು. ಆ ಅವಧಿ 45 ದಿನಗಳನ್ನು ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕಾಗುತ್ತದೆ. ಸರಕಿನ ಬಗ್ಗೆ ಆಕ್ಷೇಪಣೆಯಿದ್ದರೆ ಖರೀದಿದಾರರು ಅದನ್ನು 15 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕು. ಇಲ್ಲವಾದಲ್ಲಿ ಸರಕು ತಲುಪಿದ ದಿನವೇ ಅದನ್ನು ಸ್ವೀಕರಿಸಿದಂತೆ ಪರಿಗಣಿಸಲಾಗುತ್ತದೆ. ದೂರವಾಣಿಯಲ್ಲಿ ಹೇಳಿದ ದೂರು ಈ ಲೆಕ್ಕಕ್ಕೆ ಬರುವುದಿಲ್ಲ. ಪೂರೈಕೆದಾರರೂ ಸಹ ಸರಕು ತಲುಪಿದ ದಿನಾಂಕಕ್ಕೆ ಡೆಲಿವರಿ ಚಲನ್ ಮೇಲೆ ಸಹಿ ಪಡೆದಿಟ್ಟುಕೊಳ್ಳಬೇಕು.

ಚೆಕ್ ಅಮಾನ್ಯವಾದ ಸಂದರ್ಭದಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ. ಬ್ಯಾಂಕಿನಿಂದ ಮಾಹಿತಿ ದೊರೆತ 30 ದಿನಗಳೊಳಗೆ ಲಿಖಿತ ನೋಟಿಸ್ ನೀಡದಿದ್ದರೆ 138ನೇ ಕಲಮಿನಡಿ ಆ ನೋಟಿಸಿನ ಮೇಲೆ ನಿಲ್ಲಬೇಕಾದ ದೂರು ನಿಲ್ಲುವುದಿಲ್ಲ. ಎಷ್ಟು ಬಾರಿ ಕರೆ ಮಾಡಿ ಕೇಳಿದರೂ ಅದು ನೋಟಿಸಿಗೆ ಬದಲಿಯಾಗದು. ತಲುಪಿದ ದಾಖಲೆ ದೊರೆಯುವ ಅಂಚೆಯ ಮೂಲಕವೇ ನೋಟಿಸ್ ಕಳುಹಿಸುವುದು ಸುರಕ್ಷಿತ.

ಪಾಲಿಸಬಹುದಾದ ಕ್ರಮ

ದರದ ಚೌಕಾಶಿಗೆ, ಮನಸ್ತಾಪ ನಿವಾರಣೆಗೆ, ಹೊಸ ಪರಿಚಯಕ್ಕೆ ಮೌಖಿಕ ಮಾಧ್ಯಮಕ್ಕಿಂತ ಉತ್ತಮವಾದುದಿಲ್ಲ. ಆದರೆ ಮಾತುಕತೆ ಮುಗಿದ ದಿನವೇ ಅದರ ಸಾರಾಂಶವನ್ನು ಇ-ಮೇಲ್ ಅಥವಾ ಸಂದೇಶದ ಮೂಲಕ ಕಳುಹಿಸಿ ದೃಢೀಕರಣ ಪಡೆಯಬೇಕು. ನಿತ್ಯದ ರವಾನೆಯ ಸೂಚನೆಗಳಿಗೆ ವಾಟ್ಸ್‌ಆ್ಯಪ್ ಸಾಕು. ಖರೀದಿ ಆದೇಶ ಮತ್ತು ಅದರ ತಿದ್ದುಪಡಿಗಳಿಗೆ ಸಂಸ್ಥೆಯ ಅಧಿಕೃತ ಇ-ಮೇಲ್ ಬೇಕು. ಆಕ್ಷೇಪಣೆ ಹಾಗೂ ಕಾನೂನು ನೋಟಿಸುಗಳಿಗೆ ಅಂಚೆ ಬೇಕು.

ಉದರಿ ವ್ಯಾಪಾರ ನಂಬಿಕೆಯ ಮೇಲೆ ನಡೆಯುತ್ತದೆ ಎಂಬುದು ನಿಜ. ಆ ನಂಬಿಕೆಗೆ ಬರಹದ ಆಧಾರವಿದ್ದರೆ ಸಂಬಂಧವೂ ಉಳಿಯುತ್ತದೆ, ಬಾಕಿಯೂ ವಸೂಲಾಗುತ್ತದೆ.