ಕಾಲೇಜಿನ ಮಾಡಿನಲ್ಲಿ ಕಲ್ನಾರು

ಕಲ್ನಾರು ಎಂದರೆ ಬಂಡೆಯೊಳಗೆ ಸಿಗುವ ನಾರು. ಹತ್ತಿಯಂತೆ ಎಳೆ ಎಳೆಯಾಗಿ ಬಿಡಿಸಲು ಬರುತ್ತದೆ, ಬೆಂಕಿಗೆ ಸುಡುವುದಿಲ್ಲ, ಮಳೆಗೆ ಕೊಳೆಯುವುದಿಲ್ಲ. ನಮ್ಮ ರಾಜ್ಯದ ಹೊಳೆನರಸೀಪುರದ ಸುತ್ತಲೂ ಇದರ ನಿಕ್ಷೇಪಗಳಿವೆ. ಸಿಮೆಂಟಿಗೆ ಹತ್ತರಲ್ಲೊಂದು ಪಾಲಿನಷ್ಟು ಈ ನಾರು ಬೆರೆಸಿ ತೆಳುವಾದ ಹಾಳೆ ಮಾಡುವ ವಿಧಾನವನ್ನು ಆಸ್ಟ್ರಿಯಾದ ಲುಡ್ವಿಗ್ ಹಾಚೆಕ್ 1900ರ ಸುಮಾರಿಗೆ ಕಂಡುಹಿಡಿದ. ಅದೇ ಇಂದಿನ ಆಸ್ಬೆಸ್ಟಾಸ್ ಶೀಟು. ಊರವರ ಬಾಯಲ್ಲಿ ಬರೀ ಸಿಮೆಂಟ್ ಶೀಟು.

ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಜಿಲ್ಲೆ ನಮ್ಮದು. ಆದರೂ ಶೀಟು ಇಲ್ಲಿ ಸುಲಭವಾಗಿ ಜಾಗ ಹಿಡಿಯಿತು. ಹಂಚಿನ ಮಾಡಿಗೆ ಪಕ್ಕಾಸು ಬೇಕು, ರೀಪು ಬೇಕು, ಮಂಗಗಳ ಕಾಟಕ್ಕೆ ಆಗಾಗ ಹೊಸ ಹಂಚೂ ಬೇಕು. ಶೀಟಿಗೆ ನಾಲ್ಕು ಕಬ್ಬಿಣದ ಪೈಪು, ಒಂದಿಷ್ಟು ಜೆ-ಬೋಲ್ಟ್ ಸಾಕು. ಸುಳ್ಯ ತಾಲೂಕಿನ ಮರ್ಕಂಜದಂಥ ಊರಿನಲ್ಲಿ ಹಟ್ಟಿ, ಬಚ್ಚಲು, ಅಡಿಕೆ ಶೆಡ್ಡುಗಳ ಮೇಲೆ ಅದು ಏರಿದ್ದು ಹೀಗೆ. ಶಾಲೆ-ಕಾಲೇಜುಗಳಲ್ಲಿ ವಾಹನದ ಶೆಡ್ಡು, ವರ್ಕ್‌ಶಾಪು, ಹಾಸ್ಟೆಲಿನ ಅಡುಗೆಮನೆಗಳಿಗೆ ಅದು ಬಂದದ್ದೂ ಇದೇ ಲೆಕ್ಕದಲ್ಲಿ.

ಸಿಮೆಂಟಿನೊಳಗೆ ಬಿಗಿಯಾಗಿ ಕೂತ ನಾರಿನಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಶೀಟನ್ನು ಕೊಯ್ದಾಗ, ತೂತು ಕೊರೆದಾಗ, ಉಜ್ಜಿದಾಗ, ಒಡೆದಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಸೇರುತ್ತವೆ. ಉಸಿರಿನೊಂದಿಗೆ ಶ್ವಾಸಕೋಶದ ಆಳಕ್ಕೆ ಇಳಿದ ಎಳೆಯನ್ನು ದೇಹ ಕರಗಿಸಲಾರದು. ಶ್ವಾಸಕೋಶ ಗಡುಸಾಗುವ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಅದರ ಹೊರಪೊರೆಗೆ ತಗಲುವ ಮೆಸೊಥೆಲಿಯೋಮಾ ಇದರಿಂದ ಬರುವ ಕಾಯಿಲೆಗಳು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಎಲ್ಲ ಬಗೆಯ ಕಲ್ನಾರನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿರಿಸಿದೆ. ಕಾಯಿಲೆ ಹೊರಬೀಳಲು 20ರಿಂದ 50 ವರ್ಷ ಹಿಡಿಯುವುದುಂಟು. ಆದ್ದರಿಂದಲೇ ಇಲ್ಲಿ ಯಾರೂ ಹೆದರುವುದಿಲ್ಲ.

ಕಾಲೇಜಿನಲ್ಲಿ ಕಲ್ನಾರು ಮಾಡಿನಲ್ಲಷ್ಟೇ ಇರುವುದಲ್ಲ. ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಮುಕ್ಕಾಲಿ ಸ್ಟ್ಯಾಂಡಿನ ಮೇಲೆ, ಬೀಕರಿನ ಅಡಿಗೆ ಇಡುವ ತಂತಿಬಲೆಯನ್ನು ನೋಡಬೇಕು. ಹಳೆಯ ಬಲೆಯ ನಡುವಿನ ಬಿಳಿ ವೃತ್ತ ಕಲ್ನಾರಿನದು. ವರ್ಷಗಟ್ಟಲೆ ಬರ್ನರಿನ ಉರಿ ತಿಂದು ಅದು ಅಂಚಿನಲ್ಲಿ ಪುಡಿಯಾಗುತ್ತದೆ, ಆ ಪುಡಿ ಮೇಜಿನ ಮೇಲೆ ಉದುರುತ್ತದೆ, ವಿದ್ಯಾರ್ಥಿಗಳು ಅದನ್ನು ಅಂಗೈಯಿಂದ ಒರೆಸಿ ಊದಿಬಿಡುತ್ತಾರೆ. ಸೆರಾಮಿಕ್ ಬಲೆ ಸಿಗುತ್ತಿರುವಾಗ ಇದನ್ನು ಒಂದು ದಿನವೂ ಉಳಿಸಿಕೊಳ್ಳಬಾರದು. ಹಳೆಯ ಓವನಿನ ಬಾಗಿಲ ಹಗ್ಗ, ಬಾಯ್ಲರ್ ಮತ್ತು ಜನರೇಟರಿನ ಹೊಗೆ ಕೊಳವೆಗೆ ಸುತ್ತಿದ ಪಟ್ಟಿ, ಹಳೆಯ ನೀರಿನ ಪೈಪು ಇವನ್ನೂ ಪರೀಕ್ಷಿಸಬೇಕು. ಸಿಮೆಂಟಿನ ಬಿಗಿಯಿಲ್ಲದ ಹಗ್ಗ, ಪಟ್ಟಿಗಳು ಶೀಟಿಗಿಂತ ಹೆಚ್ಚು ಅಪಾಯಕಾರಿ.

ನಿರ್ವಹಣೆಯ ಮೊದಲ ಹೆಜ್ಜೆ ಒಂದು ಪುಸ್ತಕ. ಯಾವ ಕಟ್ಟಡದಲ್ಲಿ, ಎಲ್ಲಿ, ಎಷ್ಟು ಕಲ್ನಾರಿದೆ, ಅದರ ಸ್ಥಿತಿ ಏನು ಎಂದು ಅದರಲ್ಲಿ ಬರೆದಿರಬೇಕು. ಅನುಮಾನ ಬಂದರೆ ನುರಿತವರಿಂದ ಚೂರು ತೆಗೆಸಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷೆ ಮಾಡಿಸಬೇಕು, ಅಲ್ಲಿಯವರೆಗೆ ಅದನ್ನು ಕಲ್ನಾರೆಂದೇ ತಿಳಿಯಬೇಕು. ಅಮೆರಿಕದಲ್ಲಿ 1986ರ ಕಾನೂನು ಶಾಲೆಗಳಿಗೆ ಇಂಥ ಪಟ್ಟಿಯನ್ನೂ 3 ವರ್ಷಕ್ಕೊಮ್ಮೆ ಮರುಪರಿಶೀಲನೆಯನ್ನೂ ಕಡ್ಡಾಯ ಮಾಡಿತು. 1999ರಲ್ಲೇ ಕಲ್ನಾರನ್ನು ನಿಷೇಧಿಸಿದ ಬ್ರಿಟನ್ನಿನಲ್ಲಿ ಹಳೆಯ ಕಟ್ಟಡ ನೋಡಿಕೊಳ್ಳುವವರು, ವಿಶ್ವವಿದ್ಯಾಲಯಗಳೂ ಸೇರಿ, ಈ ಪಟ್ಟಿ ಇಟ್ಟು ಕೆಲಸಕ್ಕೆ ಬರುವವರಿಗೆ ತೋರಿಸಲೇಬೇಕು. ಗಡಿಯಾಚೆಯ ಕೇರಳ ಶಾಲೆಗಳಿಂದ ಕಲ್ನಾರಿನ ಮಾಡು ತೆಗೆಯಲು ಆದೇಶಿಸಿದೆ. ಭಾರತದಲ್ಲಿ ಬಿಳಿ ಕಲ್ನಾರಿನ ಶೀಟು ಇಂದಿಗೂ ಮಾರಾಟಕ್ಕಿದೆ. ಹೀಗಾಗಿ ನಮ್ಮ ಕಾಲೇಜುಗಳು ಕಾನೂನಿಗೆ ಕಾಯದೆ ತಾವೇ ಈ ಪುಸ್ತಕ ತೆರೆಯಬೇಕಾಗಿದೆ.

ಸುಳ್ಯದ ಕಡೆ ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಶೀಟಿನ ಮೇಲೆ ಪಾಚಿ ದಪ್ಪನೆ ಕಟ್ಟಿ, ಸಿಮೆಂಟು ಸವೆದು ನಾರು ಮೇಲೆದ್ದಿರುತ್ತದೆ. ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಮಾಡು ಗುಡಿಸುವ ರೂಢಿಯಿದೆ. ಒಣಗಿದ ಪಾಚಿಯನ್ನು ತಂತಿ ಬ್ರಷ್ಷಿನಿಂದ ಕೆರೆಯುವುದು, ದಂಬೆಯ ಒಣ ಕೆಸರನ್ನು ಅಂಗಳಕ್ಕೆ ತಳ್ಳುವುದು ವರ್ಷದಲ್ಲೇ ಅತಿ ಅಪಾಯದ ಕೆಲಸ. ದಂಬೆಯ ಕೆಸರನ್ನು ಒದ್ದೆ ಮಾಡಿಯೇ ತೆಗೆಯಬೇಕು. ಪಾಚಿಯನ್ನು ಒಣಗಿರುವಾಗ ಕೆರೆಯಬಾರದು. ಶೀಟಿಗೆ ನಾರನ್ನು ಹಿಡಿದಿಡುವ ಬಣ್ಣವನ್ನು ಬಳಿಯಬಹುದು. ಶೀಟಿನ ಮೇಲೆ ನೇರ ಕಾಲಿಡಲೇಬಾರದು. ಹಳೆಯ ಶೀಟು ತಟಕ್ಕನೆ ಮುರಿದು ಆಳು ಕೆಳಗೆ ಬೀಳುತ್ತಾನೆ. ಅಡ್ಡ ಹಲಗೆ, ಏಣಿ ಬೇಕು.

ಬಿರುಕು ಬಿಟ್ಟ ಮಾಡನ್ನು ತೆಗೆಯಲೇಬೇಕಾದರೆ ರಜೆಯಲ್ಲಿ, ಜನರನ್ನು ದೂರವಿಟ್ಟು ತೆಗೆಯಬೇಕು. ಮೊದಲು ನೀರು ಚಿಮುಕಿಸಿ ನೆನೆಸಬೇಕು. ಕಟ್ಟರ್ ಮುಟ್ಟದೆ ಬೋಲ್ಟ್ ಬಿಚ್ಚಿ ಇಡೀ ಶೀಟನ್ನೇ ಇಳಿಸಬೇಕು, ಮೇಲಿನಿಂದ ಎಸೆಯಬಾರದು. ಮುಖಕ್ಕೆ ಕಟ್ಟಿದ ಬೈರಾಸು ಈ ಎಳೆಯನ್ನು ತಡೆಯದು, ಸೂಕ್ಷ್ಮ ಕಣ ಸೋಸುವ ರೆಸ್ಪಿರೇಟರ್ ಬೇಕು. ಕೆಲಸದ ಬಟ್ಟೆಯನ್ನು ಮನೆಗೆ ಒಯ್ಯಬಾರದು, ಅದನ್ನು ಕೊಡವಿ ಒಗೆಯುವ ಹೆಂಗಸರಿಗೂ ಈ ಕಾಯಿಲೆ ಬಂದದ್ದಿದೆ. ಇಳಿಸಿದ ಶೀಟನ್ನು ದಪ್ಪ ಪಾಲಿಥೀನಿನಲ್ಲಿ ಎರಡು ಸುತ್ತು ಸುತ್ತಿ, ಕಲ್ನಾರು ಎಂದು ಬರೆದ ಚೀಟಿ ಅಂಟಿಸಿ, ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ಕೇಳಿ ಅಧಿಕೃತ ವಿಲೇವಾರಿಗೆ ಕೊಡಬೇಕು. ರಾಜ್ಯದ ಅಪಾಯಕಾರಿ ತ್ಯಾಜ್ಯದ ಒಂದು ಹೂಳುತಾಣ ಇರುವುದು ದೂರದ ದಾಬಸ್‌ಪೇಟೆಯಲ್ಲಿ. ದೂರವೆಂದು ಚೂರುಗಳನ್ನು ರಸ್ತೆಯ ಹೊಂಡಕ್ಕೆ ತುಂಬಿದರೆ ಪ್ರತಿ ಜೀಪಿನ ಗಾಲಿಯೂ ಅದನ್ನು ಅರೆದು ಪುಡಿ ಮಾಡುತ್ತದೆ.

ಸುಪ್ರೀಂ ಕೋರ್ಟು 1995ರ ಜನವರಿಯಲ್ಲಿ ಕಲ್ನಾರಿನ ಕಾರ್ಖಾನೆಗಳಿಗೆ ಒಂದು ನಿರ್ದೇಶನ ಕೊಟ್ಟಿತು. ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ನಿವೃತ್ತಿಯ ನಂತರ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕು ಎಂದಿತು. ಕಾಲೇಜಿನ ಮಾಡಿಗೆ ಹತ್ತುವವನು ದಿನಗೂಲಿಯವನು, ಅವನ ಹೆಸರು ಎಲ್ಲಿಯೂ ಇರುವುದಿಲ್ಲ. ಪುಸ್ತಕದಲ್ಲಿ ಒಂದು ಕಲಂ ಅವನಿಗೆ ಮೀಸಲಿಡಬೇಕು: ಹೆಸರು, ತಾರೀಕು, ಮಾಡಿದ ಕೆಲಸ, ತೊಟ್ಟ ಮಾಸ್ಕ್. ಇಪ್ಪತ್ತೈದರ ಹುಡುಗ ಅರುವತ್ತಕ್ಕೆ ಉಬ್ಬಸವೆಂದು ಆಸ್ಪತ್ರೆಗೆ ಹೋದಾಗ, ಹಿಂದೆ ಎಲ್ಲಿ ಏನು ಕೆಲಸ ಮಾಡಿದ್ದೆ ಎಂಬ ಡಾಕ್ಟರ ಪ್ರಶ್ನೆಗೆ ಉತ್ತರ ಆ ಸಾಲಿನಲ್ಲಿ ಸಿಗುತ್ತದೆ.