ಬರಹಕ್ಕೆ ದನಿ ಬಂದ ಬಗೆ

ಓದು ಎಂದರೆ ಕಣ್ಣಿಗೆ ಸೇರಿದ ವ್ಯಾಪಾರವೆಂದು ನಾವು ಬಗೆಯುವುದು ಈಚಿನ ರೂಢಿ. ನಮ್ಮ ಹಿರಿಯರ ಕಾಲಕ್ಕೆ ಅದು ಕಿವಿಯ ಭಾಗ್ಯವಾಗಿತ್ತು. ಜಗಲಿಯ ಮೇಲೆ ಒಬ್ಬರು ಭಾರತವನ್ನೋ ಜೈಮಿನಿಯನ್ನೋ ರಾಗವಾಗಿ ಓದುವರು. ಮತ್ತೊಬ್ಬರು ಪದ ಬಿಡಿಸಿ ಅರ್ಥ ಹೇಳುವರು. ಅಕ್ಷರ ಬಾರದ ರೈತನೂ ಕುಮಾರವ್ಯಾಸನಿಗೆ ತಲೆದೂಗುವನು. 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಸ್ವಂತ ಪ್ರಯತ್ನದಿಂದ ಬಾನುಲಿ ನಿಲಯವೊಂದನ್ನು ತೆರೆದು, ಅದಕ್ಕೆ ಆಕಾಶವಾಣಿ ಎಂಬ ಹೆಸರು ಬಂದ ಮೇಲೆ ಆ ಜಗಲಿ ಇನ್ನಷ್ಟು ಹಿರಿದಾಯಿತು. ಆದರೆ ಜಗಲಿಯಲ್ಲಾಗಲಿ ಬಾನುಲಿಯಲ್ಲಾಗಲಿ ಓದುವ ದನಿಯ ಹಿಂದೆ ಒಬ್ಬ ಮನುಷ್ಯ ಕುಳಿತಿರುತ್ತಿದ್ದ. ಈಗ ಹಾಗೆ ಕುಳಿತಿರಲೇಬೇಕೆಂಬ ನಿರ್ಬಂಧವಿಲ್ಲ.

ಯಂತ್ರವನ್ನು ಮಾತನಾಡಿಸುವ ಹಂಬಲ ಹೊಸದೇನೂ ಅಲ್ಲ. ಕೆಂಪೆಲೆನ್ ಎಂಬಾತ ತಿದಿ, ಪೀಪಿ, ರಬ್ಬರಿನ ಬಾಯಿ ಇವುಗಳಿಂದ ಮಾಡಿದ ತನ್ನ ಮಾತಿನ ಯಂತ್ರವನ್ನು 1791ರ ಪುಸ್ತಕದಲ್ಲಿ ವರ್ಣಿಸಿದ್ದಾನೆ. 1939ರ ನ್ಯೂಯಾರ್ಕ್ ಮಹಾಪ್ರದರ್ಶನದಲ್ಲಿ ಬೆಲ್ ಪ್ರಯೋಗಾಲಯದವರು ಇಟ್ಟಿದ್ದ 'ವೋಡರ್' ವಿದ್ಯುತ್ತಿನದು. ಅದನ್ನು ಹಾರ್ಮೋನಿಯಂ ನುಡಿಸಿದಂತೆ ನುಡಿಸಲು ಹೆಣ್ಣುಮಕ್ಕಳಿಗೆ ಬಹಳ ಕಾಲ ತರಬೇತಿ ಕೊಡಬೇಕಾಗಿತ್ತು. ಇಂದಿನ ವಾಗ್ಯಂತ್ರಕ್ಕೆ ತಿದಿಯೂ ಬೇಡ, ನುಡಿಸುವ ಬೆರಳೂ ಬೇಡ. ಮನುಷ್ಯರು ಗಂಟೆಗಟ್ಟಲೆ ಓದಿದ್ದನ್ನು ಕೇಳಿ ಕೇಳಿ ಅದು ತಾನೇ ಓದಲು ಕಲಿತಿದೆ. ಕನ್ನಡಕ್ಕಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಮದರಾಸಿನ ಐ.ಐ.ಟಿ.ಯಲ್ಲೂ ವಿದ್ವಾಂಸರು ಈ ದಿಸೆಯಲ್ಲಿ ದುಡಿದಿದ್ದಾರೆ. ಕೇಂದ್ರ ಸರ್ಕಾರದ 'ಭಾಷಿಣಿ' ಯೋಜನೆ 2022ರಲ್ಲಿ ಹೊರಬಂದಿತು.

ಇಷ್ಟೆಲ್ಲ ಪೀಠಿಕೆ ಹದಡಿಯ ಒಂದು ಮನೆಯ ಸಂಗತಿಯನ್ನು ಹೇಳುವುದಕ್ಕಾಗಿ.

ದಾವಣಗೆರೆಯ ಪೇಟೆಯಲ್ಲಿ ಹದಡಿ ರಸ್ತೆಯನ್ನು ಅರಿಯದವರಿಲ್ಲ. ಆ ರಸ್ತೆ ಹೋಗಿ ಮುಟ್ಟುವ ಊರನ್ನು ನೋಡಿದವರು ಅಷ್ಟಿಲ್ಲ. ಅಲ್ಲಿ ನನಗೆ ಪರಿಚಿತರಾದ ನಿವೃತ್ತ ಕನ್ನಡ ಮೇಷ್ಟ್ರು ಒಬ್ಬರಿದ್ದಾರೆ. ಗ್ಲಾಕೋಮ ಅವರ ಎರಡು ಕಣ್ಣುಗಳನ್ನೂ ಕೊಂಡೊಯ್ದಿದೆ. ಅವರ ಬಳಿ ಎರಡು ಆಸ್ತಿಗಳುಂಟು. ಒಂದು, ಸುತ್ತಿನ ಹಳ್ಳಿಗಳ ಹೆಂಗಸರು ಹಾಡಿದ ಬೀಸುವ ಪದ, ಸೋಬಾನೆ ಪದಗಳ ಕ್ಯಾಸೆಟ್ಟುಗಳು. ಇನ್ನೊಂದು, ಆ ಹಾಡುಗಳನ್ನು ಕುರಿತು ಅವರೇ ಬರೆದು ದಾವಣಗೆರೆಯ ಡಿ.ಟಿ.ಪಿ. ಅಂಗಡಿಯೊಂದರಲ್ಲಿ ಬೆರಳಚ್ಚು ಮಾಡಿಸಿದ ಲೇಖನಗಳು. ಕ್ಯಾಸೆಟ್ಟುಗಳು ಈಗ ಎಂಪಿ3 ಆಗಿ, ಲೇಖನಗಳು ಫೈಲುಗಳಾಗಿ ಗೂಗಲ್ ಡ್ರೈವಿನಲ್ಲಿವೆ. ತಾವು ಬರೆದದ್ದನ್ನು ತಾವೇ ಓದಲಾರದ ಅವಸ್ಥೆ ಅವರದು. ಮೊಮ್ಮಗಳು ದಿನವೂ ಬಸ್ಸಿನಲ್ಲಿ ಬಿ.ಕಾಂ. ಓದಲು ಹೋಗುವವಳು, ಸಂಜೆ ಓದಿ ಹೇಳಲು ಕುಳಿತರೆ ಎರಡು ಪುಟಕ್ಕೆ ಆಕಳಿಕೆ.

ಹುಡುಗಿಗೆ ಪ್ರೋಗ್ರಾಮು ಬರೆಯಲು ಬಾರದು. ಆದರೂ ಅವಳು ಒಂದು ಏರ್ಪಾಡು ಮಾಡಿದ್ದಾಳೆ. ಫೋಲ್ಡರಿಗೆ ಬರಹವೊಂದು ಬಂದು ಬಿದ್ದರೆ ಯಾರೂ ಮುಟ್ಟದೆಯೇ ಅದು ವಾಗ್ಯಂತ್ರಕ್ಕೆ ಹೋಗುತ್ತದೆ. ದನಿಯಾಗಿ ಹಿಂದಿರುಗಿ ಇನ್ನೊಂದು ಫೋಲ್ಡರಿನಲ್ಲಿ ಕೂರುತ್ತದೆ. ಅಜ್ಜನ ಮೊಬೈಲು 'ಟಿಣ್' ಎನ್ನುತ್ತದೆ. ಪರದೆಯ ಮೇಲೆ ಚೌಕಗಳನ್ನಿಟ್ಟು, ಒಂದರಿಂದ ಒಂದಕ್ಕೆ ಗೆರೆ ಎಳೆದು ಇಂಥ ಕೆಲಸಗಳನ್ನು ಪೋಣಿಸುವ ಸಾಧನಗಳು ಹಲವು ಇವೆ. ಅವಳು ಬಳಸುವುದು 2019ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಎನ್-ಏಟ್-ಎನ್ ಎಂಬುದನ್ನು. ಒಂದು ಚೌಕಕ್ಕೆ, ಇಷ್ಟು ನಿಮಿಷಕ್ಕೊಮ್ಮೆ ಫೋಲ್ಡರಿನೊಳಗೆ ಇಣುಕಿ ನೋಡು ಎಂದು ಹೇಳಿಟ್ಟರೆ ಸಾಕು. ಹೊಸತು ಕಂಡರೆ ಅದು ಮುಂದಿನದನ್ನು ಎಬ್ಬಿಸುತ್ತದೆ. ಭದ್ರಾ ನಾಲೆಯ ನೀರು ತೂಬಿನಿಂದ ತೂಬಿಗೆ ಇಳಿದು ಬರುವುದನ್ನು ಬಲ್ಲ ಈ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ತೂಬುಗಳ ತೊಂದರೆಯೂ ಅದೇ ಬಗೆಯದು. ಮೊದಲ ದಿನ ಅವಳು ಬರಹಕ್ಕೂ ದನಿಗೂ ಒಂದೇ ಫೋಲ್ಡರು ಇಟ್ಟಿದ್ದಳಂತೆ. ಯಂತ್ರ ತಾನೇ ಮಾಡಿದ ದನಿಯ ಫೈಲನ್ನು ಹೊಸ ಬರಹವೆಂದು ತಿಳಿದು ಮತ್ತೆ ಎತ್ತಿಕೊಂಡಿತು. ಅದರಿಂದ ಹುಟ್ಟಿದ್ದನ್ನು ಮತ್ತೆ. ಹರಿದ ನೀರು ತಿರುಗಿ ಅದೇ ಕೆರೆಗೆ ಬೀಳುವಂತೆ ರಾತ್ರಿಯೆಲ್ಲ ಸುತ್ತು ನಡೆದು, ಬೆಳಗ್ಗೆ ನೋಡಿದರೆ ಫೋಲ್ಡರು ತುಂಬಿತ್ತು. ಅಂದಿನಿಂದ 'ಬರಹ' ಬೇರೆ, 'ದನಿ' ಬೇರೆ.

ಅದಕ್ಕಿಂತ ದೊಡ್ಡ ತೊಡಕು ನಮ್ಮ ಲಿಪಿಯದು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶ ನಾಡಿಗೆ ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಅದರ ಹಳೆಯ ಫಾಂಟಿನಲ್ಲಿ ಬೆರಳಚ್ಚಾದ ಬರಹ ನಮ್ಮ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅಲ್ಲ. ಕನ್ನಡ ಎಂಬ ಪದವೇ ಅದರ ಒಳಗೆ ರೋಮನ್ ಅಕ್ಷರಗಳ ಗೋಜಲಾಗಿ, ನಡುವೆ ಇಂಗ್ಲೆಂಡಿನ ಪೌಂಡು ನಾಣ್ಯದ ಗುರುತನ್ನು ಹೊತ್ತು ಕುಳಿತಿರುತ್ತದೆ. ಕನ್ನಡಕ್ಕೆ ಯೂನಿಕೋಡಿನಲ್ಲಿ ಸ್ಥಾನ ದೊರೆತದ್ದು 1991ರಲ್ಲಿ. ಅದು ನಮ್ಮ ಅಚ್ಚುಕೂಟಗಳನ್ನು ಮುಟ್ಟುವುದಕ್ಕೆ ಹಿಡಿದ ಕಾಲ ಬಹಳ. ಆದ್ದರಿಂದ ಮೇಷ್ಟ್ರ ಒಂದೊಂದು ಲೇಖನವನ್ನೂ ಮೊದಲು ಯೂನಿಕೋಡಿಗೆ ತಿರುಗಿಸಬೇಕು. ಅರ್ಕಾವೊತ್ತು ಬಂದಲ್ಲಿ ಈ ತಿರುಗಣಿ ಎಡವುವುದುಂಟು: ಬರೆವಣಿಗೆಯಲ್ಲಿ ಅದು ಅಕ್ಷರದ ಹಿಂದೆ, ಉಚ್ಚಾರದಲ್ಲಿ ಮುಂದೆ. ಈ ಒಂದು ಹೆಜ್ಜೆಯನ್ನು ಹುಡುಗಿ ಯಂತ್ರಕ್ಕೆ ಬಿಟ್ಟಿಲ್ಲ. ತಾನೇ ಕುಳಿತು ನೋಡುತ್ತಾಳೆ.

ಮುಂದೆ ಅಳತೆಯ ಪ್ರಶ್ನೆ. ಗೂಗಲ್ಲಿನ ವಾಕ್ಸೇವೆಗೆ ಒಂದು ಸಲಕ್ಕೆ 5000 ಬೈಟುಗಳಷ್ಟು ಬರಹವನ್ನು ಕೊಡಬಹುದು. ಇಂಗ್ಲಿಷಿನವನಿಗೆ ಇದು 5000 ಅಕ್ಷರ. ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು. ಒತ್ತಿಗೊಂದು, ದೀರ್ಘಕ್ಕೊಂದು ಎಂದು ಎಲ್ಲವೂ ಬೇರೆ ಬೇರೆ ಎಣಿಕೆ. 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ ಆರು ಚಿಹ್ನೆ, ಹದಿನೆಂಟು ಬೈಟು! ಹೀಗಾಗಿ ನಮ್ಮ ಪಾಲಿಗೆ ಉಳಿಯುವುದು 1660ರಷ್ಟು ಚಿಹ್ನೆಗಳು ಮಾತ್ರ. ಲೇಖನವನ್ನು ತುಂಡು ಮಾಡಲೇಬೇಕು. ಅದೂ ಪೂರ್ಣವಿರಾಮ ಬಂದಲ್ಲಿ. ಕಣ್ಣುಮುಚ್ಚಿ ಕತ್ತರಿಸಿದರೆ ಪದ ನಡುವೆಯೇ ಮುರಿದು, ಅರ್ಧ ಒಂದು ಫೈಲಿನಲ್ಲಿ, ಅರ್ಧ ಇನ್ನೊಂದರಲ್ಲಿ. ಮೇಷ್ಟ್ರ ವಾಕ್ಯಗಳೋ ಅರ್ಧ ಪುಟ ನಡೆದರೂ ವಿರಾಮ ಕಾಣದಂಥವು.

ಇಷ್ಟಾದ ಮೇಲೂ ಯಂತ್ರ ಓದುವುದನ್ನು ಕೇಳಬೇಕು. ಬರೆದಂತೆ ಓದುವ ಭಾಷೆ ನಮ್ಮದೆಂಬ ಹೆಮ್ಮೆ ನಮಗಿದೆ. ಬಹುಮಟ್ಟಿಗೆ ಸರಿಯೂ ಹೌದು. ಆದರೆ ನಾವು ಬರೆಯುವ ಸಂಕ್ಷೇಪಗಳ ಅರ್ಥ ಕಾಗದದ ಮೇಲಿಲ್ಲ, ನಮ್ಮ ತಲೆಯಲ್ಲಿದೆ. 'ದಿ.' ಎಂದರೆ ಅಂಕಿಯ ಮುಂದೆ ದಿನಾಂಕ, ಹೆಸರಿನ ಮುಂದೆ ದಿವಂಗತ. 'ತಾ.' ಎಂಬುದು ಒಮ್ಮೆ ತಾರೀಖು, ಒಮ್ಮೆ ತಾಲ್ಲೂಕು. ಯಂತ್ರಕ್ಕೆ ಎರಡೂ ಬರಿಯ 'ದಿ', ಬರಿಯ 'ತಾ'. ಹುಡುಗಿ ಇವುಗಳನ್ನು ಬಿಡಿಸಿ ಬರೆಯಲು ಒಂದು ಚೌಕವನ್ನೇ ಸೇರಿಸಿದಳು. ಅದು ಎಲ್ಲ 'ದಿ.'ಗಳನ್ನೂ ದಿವಂಗತವೆಂದು ತಿದ್ದಿ, ಮಾರ್ಚಿ ತಿಂಗಳ ಐದನೆಯ ತಾರೀಖನ್ನು ಸ್ವರ್ಗಸ್ಥವಾಗಿಸಿತು. ಮೇಷ್ಟ್ರು ನಕ್ಕ ನಗೆಯನ್ನು ನಾನೂ ಕೇಳಿದೆ. ಊರ ಹೆಸರೂ ಒಂದು ಪರೀಕ್ಷೆಯೇ: ಹದಡಿ. ಮೂರು ಹ್ರಸ್ವ, ದಕಾರದ ಬೆನ್ನಿಗೇ ಡಕಾರ, ನಾಲಗೆ ಹಲ್ಲಿನಿಂದ ಅಂಗಳಕ್ಕೆ ಮಡಿಯಬೇಕು. ಇದನ್ನು ಸರಿಯಾಗಿ ನುಡಿದ ದನಿಯನ್ನೇ ಅವರು ಆರಿಸಿಕೊಂಡರು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಬೇರೊಂದು ಮಾತು. ಕೆಲವು ನಿಮಿಷಗಳ ಧ್ವನಿಮುದ್ರಣವಿದ್ದರೆ ಅದೇ ಕಂಠದಲ್ಲಿ ಏನನ್ನು ಬೇಕಾದರೂ ಓದಿಸಬಲ್ಲ ಸೇವೆಗಳು ಈಗ ಬಂದಿವೆ. ಕ್ಯಾಸೆಟ್ಟುಗಳಲ್ಲಿ ಒಂದು ಮೇಷ್ಟ್ರ ತೀರಿಹೋದ ಪತ್ನಿಯದು.

"ಅಜ್ಜ, ಅಜ್ಜಿ ದನೀಲೇ ನಿನ್ ಲೇಖನ ಓದಿಸ್ಲಾ? ಆ ಫೋಲ್ಡರಿಗೂ ಒಂದ್ ಗೆರೆ ಎಳೆದ್ರೆ ಆಯ್ತು" ಎಂದಳು ಹುಡುಗಿ.

ಮೇಷ್ಟ್ರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಬ್ಯಾಡವ್ವ. ಅವಳು ನನ್ ಲೇಖನ ಒಂದೂ ಓದ್ಲಿಲ್ಲ. ಓದಂಗೆ ಮಾಡಿಸೋದು ಸರಿಯಲ್ಲ" ಎಂದರು. ಸ್ವಲ್ಪ ತಡೆದು ಸೇರಿಸಿದರು: "ಉಳಿದ ಹೆಂಗಸ್ರೂ ಅಷ್ಟೆ. ನನ್ನ ಟೇಪಿಗೆ ಅಂತ ಹಾಡಿದ್ರು."

ಹುಡುಗಿ ಸುಮ್ಮನಾಗಲಿಲ್ಲ. ಕಾಯಿಲೆಯಿಂದ ಮಾತು ಕಳೆದುಕೊಳ್ಳಲಿರುವವರು ತಮ್ಮ ದನಿಯನ್ನು ಮೊದಲೇ ಕೂಡಿಟ್ಟು, ಮುಂದೆ ಯಂತ್ರದಿಂದ ಅದರಲ್ಲೇ ಮಾತನಾಡುತ್ತಾರಲ್ಲ ಎಂದಳು. ಅದು ನಿಜ, ಆದರೆ ಅವರು ತಾವಾಗಿ ಒಪ್ಪಿ ಕೊಟ್ಟದ್ದು. ನಾನು ಮೇಷ್ಟ್ರ ಪಕ್ಷದವನು. ನಮ್ಮ ಕಾನೂನು ಪುಸ್ತಕದ ವಿಷಯದಲ್ಲಿ ಸ್ಪಷ್ಟವಾಗಿದೆ: 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯ ಮೇರೆಗೆ ಕಣ್ಣಿಲ್ಲದವರಿಗಾಗಿ ಕೃತಿಯನ್ನು ಅವರಿಗೆ ಒದಗುವ ರೂಪಕ್ಕೆ ತರಬಹುದು. 2013ರ ಮರಾಕೇಶ್ ಒಪ್ಪಂದವನ್ನು ಎಲ್ಲರಿಗಿಂತ ಮೊದಲು, 2014ರಲ್ಲಿ, ಸ್ಥಿರೀಕರಿಸಿದ ದೇಶವೂ ನಮ್ಮದೇ. ಆದರೆ ಅದು ಬರೆದವನ ಮತ್ತು ಓದುವವನ ನಡುವಣ ನ್ಯಾಯ. ಬೀಸುವ ಕಲ್ಲಿನ ಮುಂದೆ ಹಾಡಿ ಮಡಿದವಳ ಕಂಠವನ್ನು ಇನ್ನೊಂದು ಕೆಲಸಕ್ಕೆ ಹಚ್ಚಲು ಅನುಮತಿ ಕೊಡಬೇಕಾದವಳು ಅವಳೊಬ್ಬಳೇ.

ಹಾಡುಗಳ ಫೋಲ್ಡರಿಗೆ ಅವಳು ಗೆರೆ ಎಳೆಯಲಿಲ್ಲ. ಅದನ್ನು ಮೇಷ್ಟ್ರು ಮನಸ್ಸು ಬಂದಾಗ ತಾವೇ ತೆರೆಸಿ ಕೇಳುತ್ತಾರೆ.

ಲೇಖನಗಳ ಕೆಲಸ ಮಾತ್ರ ನಡೆದೇ ಇದೆ. ಕಣ್ಣಿದ್ದಾಗ ಕಾಣದ ದೋಷಗಳು ಈಗ ಕಿವಿಗೆ ತಾಕುತ್ತಿವೆಯಂತೆ. ಪುನರುಕ್ತಿ, ಕರ್ತೃವಿಲ್ಲದ ಕ್ರಿಯಾಪದ, ಎರಡು ಕಡೆ ಎರಡು ಬಗೆಯಾಗಿ ಬಿದ್ದ ಊರ ಹೆಸರು. ಅವರು ಹೇಳುತ್ತಾರೆ, ಹುಡುಗಿ ತಿದ್ದುತ್ತಾಳೆ. ತಿದ್ದಿದ ಫೈಲನ್ನು ಹೊಸತೆಂದೇ ಎಣಿಸಿ ಯಂತ್ರ ಮತ್ತೆ ಮೊದಲಿನಿಂದ ಓದುತ್ತದೆ. ನಾನು ಹೋದ ದಿನ ಸೋಬಾನೆಯ ಲೇಖನ ಮೂರನೆಯ ಸಲ ಓದಿಸಿಕೊಳ್ಳುತ್ತಿತ್ತು. ಉದ್ದದ ವಾಕ್ಯವೊಂದನ್ನು ಮೇಷ್ಟ್ರು ಅಲ್ಲೇ ಎರಡಾಗಿ ಒಡೆಸಿದರು.